ಟವರ್ ಸಿಗದ ಮನೆಗೆ ಗಾಡಿ ಕರೆಸುವುದು ಹೇಗೆ?

ಪ್ರಶ್ನೆ: ಸಕ್ಕರೆ ಕಾಯಿಲೆಯಿಂದ ಅಪ್ಪನ ಬಲಗಾಲು ತೆಗೆದಿದ್ದಾರೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಶಿವಮೊಗ್ಗಕ್ಕೆ ಹೋಗಬೇಕು. ನಮ್ಮದು ತೀರ್ಥಹಳ್ಳಿಯಿಂದಲೂ ಒಳಗಿರುವ ಒಂಟಿ ಮನೆ. ಬಸ್ಸಿನ ಮೆಟ್ಟಿಲು ಹತ್ತಿಸಲು ಆಗುವುದಿಲ್ಲ, ಪ್ರತಿ ಸಲ ಗಾಡಿ ಹೊಂದಿಸುವುದರಲ್ಲೇ ಸುಸ್ತಾಗುತ್ತೇವೆ. ಮೊಬೈಲಿನಿಂದ ಏನಾದರೂ ಅನುಕೂಲ ಮಾಡಿಕೊಳ್ಳಬಹುದೇ?

ಉತ್ತರ: ಹೊಸನಗರ, ಸಾಗರ, ಕೊಪ್ಪದ ಕಡೆಯವರೂ ಇದನ್ನೇ ಕೇಳುತ್ತಿರುತ್ತಾರೆ. ಖಂಡಿತ ಮಾಡಿಕೊಳ್ಳಬಹುದು. ಆದರೆ ಬೆಂಗಳೂರಿನ ಹಾಗೆ ಆ್ಯಪ್ ಒತ್ತಿ ಬಾಗಿಲಲ್ಲಿ ಕಾಯುವುದು ನಮ್ಮ ಹಳ್ಳಿಗಳಲ್ಲಿ ನಡೆಯುವ ಮಾತಲ್ಲ. ಇಲ್ಲಿ ಗಾಡಿ ಸಿಗುವುದು ಪರಿಚಯದ ಚಾಲಕರಿಂದಲೇ. ಅವರು ಹೊರಡುವ ಮೊದಲೇ ತಿಳಿದಿರಬೇಕಾದ್ದನ್ನೆಲ್ಲ ತಿಳಿಸುವುದು ಮೊಬೈಲಿನ ಕೆಲಸ.

ನಮ್ಮ ಅತ್ತೆಯ ಸೊಂಟದ ಮೂಳೆ ಮುರಿದಾಗ ನನಗೆ ಇದು ಅರ್ಥವಾಯಿತು. ಬೆಳಿಗ್ಗೆ ಆರಕ್ಕೆ ಕಾರೇನೋ ಬಂತು, ಡಿಕ್ಕಿ ತೆಗೆದರೆ ಒಳಗೆಲ್ಲ ಸಿಎನ್‌ಜಿ ಸಿಲಿಂಡರ್. ವೀಲ್‌ಚೇರ್ ಮಡಚಿದರೂ ಹಿಡಿಸಲಿಲ್ಲ. ಮೇಲೆ ಕ್ಯಾರಿಯರ್ ಇರಲಿಲ್ಲ. ಅತ್ತೆ ಹೊರಡುವ ಸೀರೆ ಉಟ್ಟು ಜಗಲಿಯ ತುದಿಯಲ್ಲಿ ಕೂತು ನೋಡುತ್ತಿದ್ದವರು, "ಇವತ್ತು ಬೇಡ ಬಿಡು ಮಾರಾಯ್ತಿ" ಅಂದರು. ಚಾಲಕನ ತಪ್ಪೇನಿರಲಿಲ್ಲ, ಕುರ್ಚಿ ಇದೆಯೆಂದು ನಾನು ಅವನಿಗೆ ಹೇಳಿರಲೇ ಇಲ್ಲ.

ಹಾಗಾಗಿ ಒಂದು ಸಂದೇಶವನ್ನು ಬರೆದಿಟ್ಟುಕೊಳ್ಳಿ, ಯಾವ ಚಾಲಕರಿಗಾದರೂ ಅದನ್ನೇ ಕಳಿಸಿ. ಅಪ್ಪ ತಾವೇ ಸೀಟಿಗೆ ಜರುಗಬಲ್ಲರೇ, ಎತ್ತಲು ಇನ್ನೊಬ್ಬರು ಬೇಕೇ, ಕುರ್ಚಿ ಮಡಚಿದರೆ ಎಷ್ಟು ಅಗಲ ಎಂಬುದೆಲ್ಲ ಅದರಲ್ಲಿರಲಿ. ಗಟ್ಟಿ ಇರುವ ಕಾಲಿನ ಕಡೆಗೆ ಜರುಗುವುದು ಸುಲಭ. ಯಾವ ಬದಿಯ ಬಾಗಿಲು ಸರಿಯಾಗುತ್ತದೆಂದು ನೋಡಿ ಅದನ್ನೂ ಬರೆಯಿರಿ. ಡಯಾಲಿಸಿಸ್‌ಗೆಂದು ಕೈಯಲ್ಲಿ ಫಿಸ್ಟುಲಾ (ರಕ್ತನಾಳಗಳನ್ನು ಜೋಡಿಸುವ ಶಸ್ತ್ರಚಿಕಿತ್ಸೆ) ಮಾಡಿದ್ದರೆ ಆ ಕೈ ಹಿಡಿದು ಎಳೆಯಬಾರದು, ಎತ್ತಬಾರದು. ಸಹಾಯಕ್ಕೆ ಬರುವವರಿಗೆ ಇದು ಗೊತ್ತಿರುವುದಿಲ್ಲ, ಹೇಳಲೇಬೇಕು. ವಾಪಸ್ ಬರುವಾಗ ಬಿಪಿ ಇಳಿದು ಸುಸ್ತಾಗಿರಬಹುದು, ಬೆಳಿಗ್ಗೆ ತಾವೇ ಜರುಗಿದವರಿಗೆ ಸಂಜೆ ಆಸರೆ ಬೇಕಾದೀತು.

ಗಾಡಿಯ ವಿಷಯಕ್ಕೆ ಬಂದರೆ, ನನ್ನ ಮತ ಓಮ್ನಿಗೆ. ಬಾಗಿಲು ಪಕ್ಕಕ್ಕೆ ಸರಿಯುವುದರಿಂದ ಕುರ್ಚಿಯನ್ನು ಸೀಟಿನ ಹತ್ತಿರಕ್ಕೇ ತರಬಹುದು. 2019ರಲ್ಲಿ ಅದರ ತಯಾರಿಕೆ ನಿಂತಿದ್ದರೂ ನಮ್ಮ ಕಡೆ ಇನ್ನೂ ಓಡುತ್ತಿವೆ. ಈಕೋ ಕೂಡ ಆಗುತ್ತದೆ. ಜೀಪು ಕೆಸರಿಗೆ ಒಳ್ಳೆಯದು, ಆದರೆ ಎತ್ತರ.

ಇನ್ನು ದಾರಿ. ಜಿಪಿಎಸ್‌ಗೆ ಟವರ್ ಬೇಡ, ಆಕಾಶ ಕಂಡರೆ ಸಾಕು. ಮರಗಳಿಲ್ಲದ ಕಡೆ ನಿಂತು ಗೂಗಲ್ ಮ್ಯಾಪ್‌ನ ನೀಲಿ ಚುಕ್ಕೆಯ ಮೇಲೆ ಬೆರಳು ಒತ್ತಿ ಹಿಡಿದರೆ ಆ ಜಾಗದ ಅಕ್ಷಾಂಶ, ರೇಖಾಂಶ ಸಿಗುತ್ತದೆ. ಬರೆದಿಟ್ಟುಕೊಂಡರೆ ನೆಟ್ ಇಲ್ಲದಾಗ ಎಸ್‌ಎಂಎಸ್‌ನಲ್ಲೂ ಕಳಿಸಬಹುದು. ಕಳಿಸಬೇಕಾದ್ದು ಮನೆಯ ಗುರುತಲ್ಲ, ಗಾಡಿ ತಿರುಗಿಸಿಕೊಳ್ಳಲು ಜಾಗವಿರುವ ಕೊನೆಯ ಸ್ಥಳದ್ದು. ಅಲ್ಲಿಂದ ಅಂಗಳದವರೆಗೆ ಕಾಲುಸಂಕ, ದಣಪೆ, ಚಡಾವು ಏನಿದೆಯೋ ಅದರ ಫೋಟೊಗಳೂ ಜೊತೆಗಿರಲಿ. ಬೇಸಿಗೆಯಲ್ಲಿ ತೆಗೆದದ್ದು ಆಷಾಢಕ್ಕೆ ಉಪಯೋಗವಿಲ್ಲ. ಮಳೆ ಹಿಡಿದ ಮೇಲೆ ಮತ್ತೆ ತೆಗೆಯಿರಿ.

ಹೊರಟ ಮೇಲೆ, ಗಾಡಿ ಎಲ್ಲಿದೆಯೆಂದು ಆಗಿಂದಾಗಲೇ ತೋರಿಸುವ ವಾಟ್ಸ್ಆ್ಯಪ್‌ನ ಲೈವ್ ಲೊಕೇಶನ್ ಹಾಕಿಸಿ. 15 ನಿಮಿಷ, 1 ಗಂಟೆ, 8 ಗಂಟೆ ಎಂದು ಮೂರು ಆಯ್ಕೆಗಳಿವೆ. ನಿಮಗೆ ಎಂಟು ಗಂಟೆಯದೇ ಬೇಕು. ಕಾಡಿನ ನಡುವೆ ಚುಕ್ಕೆ ನಿಂತುಬಿಟ್ಟರೆ ಗಾಬರಿ ಬೇಡ, ಟವರ್ ಸಿಕ್ಕ ಕೂಡಲೇ ಮುಂದಕ್ಕೆ ಹೋಗುತ್ತದೆ.

ಖರ್ಚು ಇಳಿಸುವ ದಾರಿ ಡಯಾಲಿಸಿಸ್ ಕೇಂದ್ರದಲ್ಲೇ ಇದೆ. ಒಂದು ಸರದಿಗೆ ಸುಮಾರು ನಾಲ್ಕು ಗಂಟೆ. ನಿಮ್ಮ ದಾರಿಯಲ್ಲೇ ಬರುವ ಇನ್ನೊಬ್ಬರು ಅಲ್ಲಿದ್ದರೆ, ಇಬ್ಬರಿಗೂ ಒಂದೇ ದಿನ, ಒಂದೇ ಸರದಿ ಕೊಡಿ ಎಂದು ಸಿಬ್ಬಂದಿಯನ್ನು ಕೇಳಿಕೊಳ್ಳಿ. ಎರಡು ಮನೆಯವರು ಮತ್ತು ಚಾಲಕರು ಸೇರಿ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡರೆ ಒಂದೇ ಗಾಡಿ, ಅರ್ಧರ್ಧ ಬಾಡಿಗೆ. ಸರದಿ ಬದಲಾದರೆ ಒಂದೇ ಸಂದೇಶ ಸಾಕು. ಕಾಯಿಲೆಯ ಕಾಗದಗಳನ್ನು ಮಾತ್ರ ಗುಂಪಿಗೆ ಹಾಕಬೇಡಿ. ತಾಲ್ಲೂಕು ಆಸ್ಪತ್ರೆಗಳಲ್ಲೂ ಡಯಾಲಿಸಿಸ್ ಘಟಕಗಳಿರುತ್ತವೆ, ಹತ್ತಿರದಲ್ಲೇ ಜಾಗ ಸಿಗುವುದಾದರೆ ಇಷ್ಟೆಲ್ಲ ಓಡಾಟವೇ ತಪ್ಪುತ್ತದೆ. ಕೇಳಿ ನೋಡಿ. 108 ತುರ್ತಿಗಷ್ಟೇ, ವಾರದ ಓಡಾಟಕ್ಕಲ್ಲ.

ಅಪ್ಪನಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಆಗಿಲ್ಲವಾದರೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ಮುಂದೆ ಬೆಂಗಳೂರಿಗೆ ಹೋಗಬೇಕಾಗಿ ಬಂದರೆ, ಜೊತೆಯಿಲ್ಲದೆ ಪ್ರಯಾಣಿಸಲಾಗದ ಅಂಗವಿಕಲರಿಗೂ ಅವರ ಜೊತೆ ಹೋಗುವವರಿಗೂ ರೈಲಿನ ಸ್ಲೀಪರ್ ದರದಲ್ಲಿ ಶೇ 75 ರಿಯಾಯಿತಿ ಇದೆ. ಅದಕ್ಕೆ ರೈಲ್ವೆಯ ರಿಯಾಯಿತಿ ಪತ್ರ ಬೇಕು.

ಕೊನೆಗೆ ಒಂದು ಕೆಲಸ, ಇದನ್ನು ತಪ್ಪಿಸಬೇಡಿ. ಆಸ್ಪತ್ರೆಗೆ ಹೋಗುವುದಿಲ್ಲದ ದಿನ ಚಾಲಕರನ್ನು ಒಮ್ಮೆ ಮನೆಗೆ ಕರೆಯಿರಿ. ಕಾಫಿ ಕೊಟ್ಟು, ಅವಸರವಿಲ್ಲದೆ ಅಪ್ಪನನ್ನು ಗಾಡಿಗೆ ಹತ್ತಿಸಿ, ಇಳಿಸಿ ನೋಡಿ. ಎಲ್ಲಿ ಹಿಡಿಯಬೇಕು, ಎಲ್ಲಿ ಮುಟ್ಟಿದರೆ ನೋವಾಗುತ್ತದೆ ಎಂದು ಅಪ್ಪನೇ ಹೇಳುತ್ತಾರೆ. ಅದನ್ನೂ ಸಂದೇಶಕ್ಕೆ ಸೇರಿಸಿ.