ಹಳೆ ಬೋಟ್ ಮೋಟರ್ ಬಿಚ್ಚುವ ಮುಂಚೆ

ಹೊಸ ಮೋಟರ್ ಹಾಕಿಸಲು ಬರುವವರು ವಾರಂಟಿ ಕೇಳುತ್ತಾರೆ, ಪೆಟ್ರೋಲ್ ಎಷ್ಟು ಕುಡಿಯುತ್ತದೆ ಅಂತ ಕೇಳುತ್ತಾರೆ, ಎಷ್ಟು ಹಾರ್ಸ್‌ಪವರ್ ಸಾಕು ಅಂತ ಮತ್ತೆ ಮತ್ತೆ ಕೇಳುತ್ತಾರೆ. ಹಳೆಯದನ್ನು ಏನು ಮಾಡುತ್ತೀರಿ ಅಂದರೆ ಮಾತ್ರ, "ಮೊದಲು ಬಿಚ್ಚಿ ಇಡಿ, ಆಮೇಲೆ ನೋಡೋಣ" ಅನ್ನುತ್ತಾರೆ. ಆ ಆಮೇಲೆ ಬರುವುದೇ ಕಡಿಮೆ. ಒಳಗೆ ಪೆಟ್ರೋಲ್ ಬಿಟ್ಟು, ಉಪ್ಪುನೀರು ತೊಳೆಯದೆ ಮೂಲೆಯಲ್ಲಿಟ್ಟ ಮೋಟರ್ ಓಡದೆಯೇ ಹಾಳಾಗುತ್ತದೆ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಇಷ್ಟು: ಹಳೆಯದರ ಗತಿ ಏನು ಅಂತ ಅದು ದೋಣಿಯ ಮೇಲಿರುವಾಗಲೇ ತೀರ್ಮಾನ ಮಾಡಿ.

ಯಾಕೆಂದರೆ ನೀರಿನಲ್ಲಿ ಓಡುತ್ತಿರುವ ಮೋಟರನ್ನು ಪರೀಕ್ಷಿಸುವುದು ಸುಲಭ. ತಣ್ಣಗಿದ್ದಾಗ ಎಷ್ಟು ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ, ಪಕ್ಕದಿಂದ ಕೂಲಿಂಗ್ ನೀರು ಜೋರಾಗಿ ಚಿಮ್ಮುತ್ತದೋ ಇಲ್ಲವೋ, ಗೇರ್ ಬೀಳುವಾಗ ಕಟಕಟ ಸದ್ದು ಬರುತ್ತದೋ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಒಂದು ಸುತ್ತು ಓಡಿಸಿ, ಫೋನಿನಲ್ಲಿ ವೀಡಿಯೊ ಮಾಡಿಟ್ಟುಕೊಳ್ಳಿ. ಕೊಳ್ಳುವವನಿಗೆ ನಿಮ್ಮ ಬಾಯಿಮಾತಿಗಿಂತ ಅದು ಜಾಸ್ತಿ ನಂಬಿಕೆ ಕೊಡುತ್ತದೆ.

ಎಂಜಿನ್ ಬಿಸಿಯಿರುವಾಗಲೇ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏರುವ ಒತ್ತಡ, ನೋಡಿಸಿ. ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕಿಡಿ ಹೊಡೆಯದಂತೆ ಇಗ್ನಿಷನ್ ತಪ್ಪಿಸಿ, ಥ್ರಾಟಲ್ ಪೂರ್ತಿ ತೆರೆದು, ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಬೇಕು. ಅಂಕಿ ಇಷ್ಟೇ ಬರಬೇಕು ಅಂತಿಲ್ಲ, ಅದು ಮಾಡೆಲ್ಲಿಂದ ಮಾಡೆಲ್ಲಿಗೆ ಬೇರೆ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ. 10ರಿಂದ 15ರೊಳಗೆ ಇದ್ದರೆ ಎಂಜಿನ್‌ನಲ್ಲಿ ಇನ್ನೂ ಜೀವ ಇದೆ. ಒಂದು ಸಿಲಿಂಡರ್ ಮಾತ್ರ ತೀರಾ ಕೆಳಗಿದ್ದರೆ ಪಿಸ್ಟನ್ನೋ ರಿಂಗೋ ಹೋಗಿದೆ ಅಂತ ಅನುಮಾನಿಸಬೇಕು. ಅಂಥದ್ದನ್ನು "ಚೆನ್ನಾಗಿದೆ" ಅಂತ ಮಾರಬೇಡಿ. ಕೊಂಡವನು ಅದನ್ನು ನಂಬಿ ದಡದಿಂದ ದೂರ ಹೋಗುತ್ತಾನೆ ಅಲ್ವಾ?

ಇನ್ನು ಗೇರ್ ಆಯಿಲ್. ಒಂದು ರಾತ್ರಿ ಅಲ್ಲಾಡಿಸದೆ ನಿಲ್ಲಿಸಿದ ಮೋಟರಿನ ಗೇರ್‌ಕೇಸಿನ (ಪ್ರೊಪೆಲ್ಲರ್ ಬಳಿ ಗೇರ್ ಇರುವ ಪೆಟ್ಟಿಗೆಯ) ಕೆಳಗಿನ ಸ್ಕ್ರೂ ಮೆಲ್ಲಗೆ ಬಿಚ್ಚಿ. ಕೆಳಗೊಂದು ಬಿಳಿ ತಟ್ಟೆ ಇಡಿ. ನೀರು ಒಳಗೆ ಬಾರದಂತೆ ತಡೆಯುವ ಸೀಲ್ ಸೋರಿದ್ದರೆ ಮೊದಲು ಬರುವುದೇ ನೀರು, ಎಣ್ಣೆಗಿಂತ ಭಾರವಾದ್ದರಿಂದ ಅದು ತಳಕ್ಕೆ ಇಳಿದಿರುತ್ತದೆ. ಆಮೇಲೆ ಮೇಲಿನ ಸ್ಕ್ರೂ ತೆಗೆಯಿರಿ, ಎಣ್ಣೆ ಸಲೀಸಾಗಿ ಇಳಿಯುತ್ತದೆ. ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಬೆರೆತಿದೆ ಅಂತಲೇ ಅರ್ಥ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬಹಳ ದಿನದಿಂದ ಎಣ್ಣೆ ಬದಲಿಸಿಲ್ಲ. ಸ್ಕ್ರೂ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದನ್ನು ಬೆರಳಲ್ಲಿ ಉಜ್ಜಿ ನೋಡಿ. ನುಣ್ಣನೆಯ ಬೂದು ಲೇಪ ಇದ್ದರೆ ಚಿಂತೆ ಇಲ್ಲ, ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಗೇರಿನ ಹಲ್ಲು ಮುರಿಯುತ್ತಿದೆ. ಸೀಲ್ ಬದಲಿಸುವುದು ಸಣ್ಣ ಕೆಲಸ, ಹೊಸ ಗೇರ್ ಹಾಕುವುದು ಸಣ್ಣ ಕೆಲಸ ಅಲ್ಲ. ಮೋಟರ್ ಮಾರಬೇಕೋ ಬಿಡಿಭಾಗಕ್ಕೆ ಕೊಡಬೇಕೋ ಅಂತ ನಾನು ಹೇಳುವುದು ಹೆಚ್ಚಾಗಿ ಈ ತಟ್ಟೆ ನೋಡಿ.

ಮಾರುವುದಾದರೆ ಇಡೀ ಸೆಟ್ ಮಾರಿ. ರಿಮೋಟ್ ಕಂಟ್ರೋಲ್ ಬಾಕ್ಸ್, ಕೇಬಲ್, ವೈರಿಂಗ್, ಟ್ಯಾಂಕ್, ಪ್ರೊಪೆಲ್ಲರ್, ಕೀ, ಪುಸ್ತಕ ಎಲ್ಲ. ಹೊಸ ಮೋಟರಿಗೆ ಇವುಗಳಲ್ಲಿ ಬಹಳಷ್ಟು ಹೊಂದುವುದಿಲ್ಲ. ಕೊಳ್ಳುವವನಿಗಾದರೆ ಇವಿಲ್ಲದೆ ಕೆಲಸ ನಡೆಯುವುದಿಲ್ಲ. ಶಾಫ್ಟಿನ ಉದ್ದವನ್ನೂ ಅಳೆದು ತಿಳಿಸಿ. ಸಾಮಾನ್ಯವಾಗಿ 15, 20 ಅಥವಾ 25 ಇಂಚು ಇರುತ್ತದೆ, ಅದು ಅವನ ದೋಣಿಯ ಹಿಂಬದಿ ಹಲಗೆಯ ಎತ್ತರಕ್ಕೆ ಹೊಂದಲೇಬೇಕು.

ಓಡದ ಮೋಟರ್ ಅಂತ ಕೈಬಿಡಬೇಡಿ. ಇವಿನ್‌ರೂಡ್ ಅನ್ನುವ ಬ್ರಾಂಡಿನ ಔಟ್‌ಬೋರ್ಡ್‌ಗಳ (ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಮೋಟರ್‌ಗಳ) ತಯಾರಿಕೆ 2020ರಲ್ಲಿ ನಿಂತುಹೋಯಿತು. ಅವನ್ನು ಇನ್ನೂ ಓಡಿಸುತ್ತಿರುವವರು ಎಷ್ಟೋ ಜನ ಇದ್ದಾರೆ. ಇಂಥವರಿಗೆ ಕೆಟ್ಟ ಎಂಜಿನ್‌ನಲ್ಲಿ ಉಳಿದಿರುವ ಒಳ್ಳೆಯ ಗೇರ್‌ಕೇಸ್, ಸ್ಟಾರ್ಟರ್ ಮೋಟರ್, ಕಾಯಿಲ್, ಮೇಲಿನ ಮುಚ್ಚಳ, ಒಂದೊಂದೂ ಬೇಕು. ಮೆಕ್ಯಾನಿಕ್ ಕೆಲಸ ಕಲಿಸುವ ಸಂಸ್ಥೆಗೆ ಕೊಟ್ಟರೂ ಒಳ್ಳೆಯದೇ. ಮಕ್ಕಳು ಬಿಚ್ಚಿ ಜೋಡಿಸಿ ಕಲಿಯಲು ಓಡುವ ಎಂಜಿನ್ನೇ ಬೇಕಂತಿಲ್ಲ.

"ಸ್ಪೇರ್ ಆಗಿ ಇರಲಿ" ಅನ್ನುವವರಿಗೆ ನನ್ನದೊಂದು ಪ್ರಶ್ನೆ: ಅದನ್ನು ಆಗಾಗ ಸ್ಟಾರ್ಟ್ ಮಾಡುವವರು ಯಾರು? ಉತ್ತರ ಇಲ್ಲದಿದ್ದರೆ ಇಟ್ಟುಕೊಳ್ಳಬೇಡಿ. ಎರಡನೇ ಮೋಟರನ್ನೂ ದೋಣಿಯ ಹಿಂಬದಿಗೇ ಕಟ್ಟುವುದಾದರೆ ಎರಡರ ತೂಕವನ್ನೂ ಸೇರಿಸಿ ನೋಡಿ. ಹೊಸದು ಫೋರ್ ಸ್ಟ್ರೋಕ್ ಆದರೆ ಅದೇ ಶಕ್ತಿಯ ಹಳೇ ಟೂ ಸ್ಟ್ರೋಕಿಗಿಂತ ಸಾಮಾನ್ಯವಾಗಿ ಭಾರ. ಹಿಂಬದಿ ತಗ್ಗಿದರೆ ಅಲೆ ಒಳಗೆ ನುಗ್ಗುತ್ತದೆ.

ಇಡಲೇಬೇಕಾದರೆ ಸಿಹಿನೀರು ಹಾಯಿಸಿ ತೊಳೆಯಿರಿ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡಬೇಡಿ, ಅದು ಆರಿ ಅಂಟಾಗಿ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಮೋಟರ್ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಲಿ, ಒಳಗಿನ ನೀರು ಇಳಿದು ಹೋಗಲಿ. ಹಿಮ ಬೀಳುವ ಕಡೆ ಒಳಗುಳಿದ ನೀರು ಹೆಪ್ಪುಗಟ್ಟಿ ಬ್ಲಾಕನ್ನೇ ಸೀಳಬಹುದು. ಫೋರ್ ಸ್ಟ್ರೋಕನ್ನು ಮಲಗಿಸಿ ಸಾಗಿಸುವುದಾದರೆ ಕಂಪನಿ ಹೇಳಿದ ಮಗ್ಗುಲಿಗೇ ಮಲಗಿಸಿ, ಇಲ್ಲದಿದ್ದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ.

ಕೊನೆಗೆ ಗುಜರಿ. ಅದರಲ್ಲೇನೂ ಅವಮಾನ ಇಲ್ಲ. ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಲು ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಬೇಕಾದ ಶಕ್ತಿಯ ಸುಮಾರು ಶೇ. 5 ಸಾಕು. ಕೊಡುವ ಮುಂಚೆ ಪೆಟ್ರೋಲ್, ಎಂಜಿನ್ ಆಯಿಲ್, ಗೇರ್ ಆಯಿಲ್ ಎಲ್ಲ ಇಳಿಸಿ. ಪೆಟ್ರೋಲನ್ನು ಆಯಿಲ್ ಜೊತೆ ಒಂದೇ ಡಬ್ಬಕ್ಕೆ ಸುರಿಯಬೇಡಿ, ಬೆರೆತದ್ದನ್ನು ಆಯಿಲ್ ಸಂಗ್ರಹಿಸುವವರು ತೆಗೆದುಕೊಳ್ಳುವುದಿಲ್ಲ.

ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ದೋಣಿ ಕಟ್ಟಲು ಲಂಗರಾಗುತ್ತದೆ ಅಂತ ಹಳೆ ಎಂಜಿನ್ನಿಗೆ ಹಗ್ಗ ಬಿಗಿದು ಮುಳುಗಿಸುತ್ತಾರೆ. ಒಳಗೆ ಅಂಟಿಕೊಂಡ ಎಣ್ಣೆ ನಿಧಾನವಾಗಿ ನೀರಿಗೆ ಸೇರುತ್ತದೆ, ಮೀನಿನ ಮರಿಗಳಿರುವ ಆಳವಿಲ್ಲದ ನೀರಿಗೇ. ಲಂಗರಾಗಿಯೂ ಅದು ಕೆಲಸಕ್ಕೆ ಬಾರದು. ಅಲ್ಯೂಮಿನಿಯಂ ನೀರಿಗಿಂತ ಸುಮಾರು 2.7 ಪಟ್ಟು ಮಾತ್ರ ಭಾರ, ಮುಳುಗಿದಾಗ ಅದರ ತೂಕದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕಳೆದುಹೋಗುತ್ತದೆ.

ಯಾರಿಗೆ ಕೊಟ್ಟರೂ ಬ್ರಾಕೆಟ್ಟಿನ ಮೇಲಿನ ಸೀರಿಯಲ್ ನಂಬರಿನ ಫೋಟೊ ತೆಗೆದುಕೊಳ್ಳಿ, ಚೀಟಿ ಬರೆದು ಸಹಿ ಹಾಕಿಸಿ. ದೋಣಿಯ ನೋಂದಣಿಯಲ್ಲೋ ವಿಮೆಯಲ್ಲೋ ಹಳೆಯ ನಂಬರ್ ಇದ್ದರೆ ಹೊಸದನ್ನು ನೀರಿಗಿಳಿಸುವ ಮುಂಚೆ ಬದಲಿಸಿ. ಹಳೆಯ ನಂಬರೇ ಉಳಿದಿದ್ದರೆ, ಮುಂದೆ ಹೊಸ ಮೋಟರ್ ಕಳುವಾದಾಗ ಅದು ನಿಮ್ಮದೇ ಅಂತ ತೋರಿಸಲು ಕಷ್ಟವಾಗುತ್ತದೆ.