ಕೊಲೆಸ್ಟ್ರಾಲ್ ಏರಿದ್ದು ತೆಂಗಿನೆಣ್ಣೆಯಿಂದಲೋ, ರಾಸಾಯನಿಕದಿಂದಲೋ?

ಓದುಗರ ಪ್ರಶ್ನೆ: ನನಗೆ 46 ವರ್ಷ. ಕಾಸರಗೋಡಿನ ಪೆರ್ಲದ ಹತ್ತಿರ ಮನೆ. ಮೀನು ಮಾಂಸ ತಿನ್ನುವವಳಲ್ಲ, ದಿನವಿಡೀ ತೋಟದ ಕೆಲಸ ಇದ್ದೇ ಇರುತ್ತದೆ. ಆದರೂ ಈ ಸಲದ ರಕ್ತ ಪರೀಕ್ಷೆಯಲ್ಲಿ ಒಟ್ಟು ಕೊಲೆಸ್ಟ್ರಾಲ್ 236, ಕೆಟ್ಟದ್ದು ಅನ್ನುವ ಎಲ್‌ಡಿಎಲ್ 158 ಬಂದಿದೆ. ಅಡುಗೆಗೆ ಮೊದಲಿನಿಂದಲೂ ತೆಂಗಿನೆಣ್ಣೆ. ಕಾರ್ಖಾನೆಯ ರಾಸಾಯನಿಕಗಳಿಂದಲೂ ಕೊಲೆಸ್ಟ್ರಾಲ್ ಏರುತ್ತದೆ ಅಂತ ಮಗ ಹೇಳುತ್ತಾನೆ. ಹಾಗಾದರೆ ನಮ್ಮ ಗುಡ್ಡೆಗೆ ಬಿಟ್ಟ ಎಂಡೋಸಲ್ಫಾನ್ ಕಾರಣವಾ? ಗುಡ್ಡೆಗೆ ಅಡ್ಡ ಕೊರೆದ ಸುರಂಗದಿಂದ ಬರುವ ನೀರು ಕುಡಿಯುವುದನ್ನು ಬಿಡಬೇಕಾ?

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಆದರೆ ಅವನು ಓದಿದ ರಾಸಾಯನಿಕ ಬೇರೆ, ನಿಮ್ಮ ಮನಸ್ಸಿಗೆ ಬಂದದ್ದು ಬೇರೆ.

ಎಂಡೋಸಲ್ಫಾನ್ ಅಂದ ಕೂಡಲೇ ನನಗೂ ಹೆಲಿಕಾಪ್ಟರ್ ಸದ್ದು ಕೇಳಿಸುತ್ತದೆ. ನಾನೂ ಆ ಕಡೆಯವನೇ. ಗೇರುಮರಕ್ಕೆ ಹತ್ತುವ ಟೀ ಸೊಳ್ಳೆ ಅನ್ನುವ ಕೀಟಕ್ಕೆ ಮದ್ದು ಬಿಡಲು ಅದು ಬರುತ್ತಿತ್ತು. ಬಾವಿ ಮುಚ್ಚಿಕೊಳ್ಳಿ ಅಂತ ಮೊದಲೇ ಹೇಳಿ ಹೋಗುತ್ತಿದ್ದರು. ಅಮ್ಮ ಬಾವಿಯ ಮೇಲೆ ಅಡಕೆ ಸೋಗೆ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹೊದೆಸಿ, ನಾಲ್ಕು ಕಡೆ ಕಲ್ಲು ಇಡುತ್ತಿದ್ದಳು. ಸುರಂಗದ ನೀರು ಬಂದು ನಿಲ್ಲುವ ಕೆರೆಯನ್ನು ಮುಚ್ಚುವುದು ಹೇಗೆ? ಅದು ತೆರೆದೇ ಇರುತ್ತಿತ್ತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೀಗೇ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಎಂಡೋಸಲ್ಫಾನ್ ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರಕಾರಕ್ಕೆ ಹೇಳಿತು. ಹಾಸಿಗೆ ಬಿಟ್ಟು ಏಳದ ಮಕ್ಕಳನ್ನು ಕಂಡವರಿಗೆ ಆ ವಿಷದ ಮೇಲೆ ಸಂಶಯ ಬಂದರೆ ತಪ್ಪಲ್ಲ.

ಆದರೂ ನಿಮ್ಮ ಇವತ್ತಿನ 158ಕ್ಕೆ ಅದನ್ನು ಕಾರಣ ಎಂದು ನಾನು ಹೇಳಲಾರೆ. ಎಂಡೋಸಲ್ಫಾನ್ ಮಣ್ಣಿನಲ್ಲಿ ಬಹಳ ಕಾಲ ನಿಲ್ಲುತ್ತದೆ, ನರಗಳಿಗೆ ಕೆಟ್ಟದ್ದು, ಎಲ್ಲಾ ಹೌದು. ಮನುಷ್ಯನ ಮೈಯಿಂದ ಮಾತ್ರ ಅದು ಬೇಗ ಹೊರಗೆ ಹೋಗುತ್ತದೆ. ವರ್ಷಗಟ್ಟಲೆ ರಕ್ತದಲ್ಲಿ ಕೂತು ಕೊಲೆಸ್ಟ್ರಾಲ್ ಏರಿಸುವ ಗುಂಪು ಬೇರೆಯೇ ಇದೆ. ಅದರ ಹೆಸರು ಪಿಎಫ್‌ಎಎಸ್.

ಇಂಗಾಲಕ್ಕೆ ಫ್ಲೋರಿನ್ ಬಿಗಿಯಾಗಿ ಕಟ್ಟಿಕೊಂಡ ಸಾವಿರಾರು ರಾಸಾಯನಿಕಗಳ ಬಳಗ ಅದು. ಎಣ್ಣೆಯೂ ಅಂಟುವುದಿಲ್ಲ, ನೀರೂ ಅಂಟುವುದಿಲ್ಲ. ಅದಕ್ಕೇ ನಾನ್‌ಸ್ಟಿಕ್ ಪಾತ್ರೆ ಮಾಡುವಲ್ಲಿ, ನೀರು ಹಿಡಿಯದ ಬಟ್ಟೆಯಲ್ಲಿ, ಎಣ್ಣೆ ಹೀರದ ಕಾಗದದಲ್ಲಿ, ಪೆಟ್ರೋಲ್ ಬೆಂಕಿ ಆರಿಸುವ ನೊರೆಯಲ್ಲಿ ಇವನ್ನು ಬಳಸಿದರು. ಬಿಸಿಲು, ಮಳೆ, ಸೂಕ್ಷ್ಮಜೀವಿ ಯಾವುದಕ್ಕೂ ಸುಲಭವಾಗಿ ಅಳಿಯುವುದಿಲ್ಲ. ಪಿಎಫ್‌ಒಎ ಅನ್ನುವ ಒಂದು ಬಗೆ ರಕ್ತದಲ್ಲಿ ಅರ್ಧ ಇಳಿಯಲು ಎರಡರಿಂದ ನಾಲ್ಕು ವರ್ಷ ಬೇಕು. ಡಿಡಿಟಿಯ ಹಾಗೆ ಇದು ಕೊಬ್ಬಿನಲ್ಲಿ ಅಡಗುವುದಿಲ್ಲ. ರಕ್ತದ ಪ್ರೋಟೀನಿಗೆ ಅಂಟಿಕೊಂಡು ಸುತ್ತುತ್ತದೆ, ಲಿವರಿನಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿಂದ ಪಿತ್ತರಸದ ಜೊತೆ ಕರುಳಿಗೆ ಇಳಿದರೂ, ಕರುಳು ಅದನ್ನು ಮತ್ತೆ ಹೀರಿ ವಾಪಸ್ ಕಳಿಸುತ್ತದೆ. ಪಿತ್ತರಸದ ಈ ದಾರಿ ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಇದು ಕೊಲೆಸ್ಟ್ರಾಲ್ ಏರಿಸುತ್ತದೆ ಅಂತ ಗೊತ್ತಾದದ್ದು ಅಮೆರಿಕದ ಒಹಾಯೊ ನದಿಯ ಬದಿಯಲ್ಲಿ. ಅಲ್ಲಿ ಒಂದು ಕಾರ್ಖಾನೆಯ ಪಿಎಫ್‌ಒಎ ಕುಡಿಯುವ ನೀರಿಗೆ ಸೇರಿತ್ತು. ಕೋರ್ಟಿನ ರಾಜಿಯಂತೆ 2005 ಮತ್ತು 2006ರಲ್ಲಿ ಸುಮಾರು 69,000 ಜನರ ರಕ್ತ ಪರೀಕ್ಷೆ ಆಯಿತು. ಅದರಲ್ಲಿ 46,000 ದೊಡ್ಡವರ ಲೆಕ್ಕ ನೋಡಿದರು. ಅತಿ ಕಡಿಮೆ ಪಿಎಫ್‌ಒಎ ಇದ್ದವರಿಗಿಂತ ಅತಿ ಹೆಚ್ಚು ಇದ್ದವರ ಒಟ್ಟು ಕೊಲೆಸ್ಟ್ರಾಲ್ 11ರಿಂದ 12 ಮಿಲಿಗ್ರಾಂ ಜಾಸ್ತಿ ಇತ್ತು. ಎಲ್‌ಡಿಎಲ್ ಕೂಡ ಜಾಸ್ತಿ. ಒಳ್ಳೆಯದು ಅನ್ನುವ ಎಚ್‌ಡಿಎಲ್‌ನಲ್ಲಿ ಬದಲಾವಣೆ ಇಲ್ಲ. ಆಮೇಲೆ ಸ್ವೀಡನ್ನಿನ ರೋನೆಬಿಯಲ್ಲಿ, ಮಿಲಿಟರಿ ವಿಮಾನ ನಿಲ್ದಾಣದ ಬೆಂಕಿ ನೊರೆ ನೀರಿಗೆ ಇಳಿದ ಊರಲ್ಲಿ, ಇದೇ ಕಂಡಿತು.

ಆದರೆ ಇಲಿಗಳಿಗೆ ಪಿಎಫ್‌ಒಎ ಕೊಟ್ಟಾಗ ಆದದ್ದು ತದ್ವಿರುದ್ಧ. ಕೊಲೆಸ್ಟ್ರಾಲ್ ಇಳಿಯಿತು! ಕ್ಯಾನ್ಸರ್ ರೋಗಿಗಳಿಗೆ ಔಷಧವಾಗಿ ಬಹಳ ದೊಡ್ಡ ಪ್ರಮಾಣದಲ್ಲಿ ಇದನ್ನೇ ಕೊಟ್ಟು ನೋಡಿದ ಒಂದು ಪ್ರಯೋಗದಲ್ಲೂ ಇಳಿಯಿತು. ಹಾಗಾದರೆ ಊರ ಜನರಲ್ಲಿ ಏರಿದ್ದು ಯಾಕೆ? ಪಿಎಫ್‌ಎಎಸ್ ನೋಡಲು ಕೊಬ್ಬಿನ ಆಮ್ಲದ ಹಾಗೇ ಇದೆ. ಲಿವರಿಗೆ ಗುರುತು ತಪ್ಪುತ್ತದೆ. ಪ್ರಮಾಣ ದೊಡ್ಡದಾದರೆ ಕೊಬ್ಬು ಸುಡುವ ಕೆಲಸ ಜೋರಾಗುತ್ತದೆ. ಸಣ್ಣ ಪ್ರಮಾಣ ಬಹಳ ಕಾಲ ಇದ್ದರೆ ಬೇರೆ ತೊಂದರೆ. ಲಿವರ್ ತನ್ನಲ್ಲಿರುವ ಕೊಲೆಸ್ಟ್ರಾಲನ್ನು ಪಿತ್ತರಸವಾಗಿ ಬದಲಿಸಿ ಖರ್ಚು ಮಾಡಬೇಕಲ್ವಾ, ಆ ಕೆಲಸ ಕುಂಟುತ್ತದೆ. ಖರ್ಚಾಗದ್ದು ರಕ್ತದಲ್ಲಿ ಉಳಿಯುತ್ತದೆ. ವಿಜ್ಞಾನಿಗಳು ಮುಂದಿಡುವ ಮುಖ್ಯ ವಿವರಣೆ ಇದು.

ಇನ್ನೊಂದು ತಕರಾರೂ ಇತ್ತು, ಅದೂ ಸರಿಯಾದದ್ದೇ. ಕೆಲವರ ಕರುಳು ಪಿತ್ತರಸವನ್ನು ಜಾಸ್ತಿ ವಾಪಸ್ ಹೀರುತ್ತದೆ. ಅಂಥವರಲ್ಲಿ ಕೊಲೆಸ್ಟ್ರಾಲೂ ಪಿಎಫ್‌ಎಎಸ್ಸೂ ಒಟ್ಟಿಗೆ ಜಾಸ್ತಿ ಇರಬಹುದು, ಒಂದು ಇನ್ನೊಂದಕ್ಕೆ ಕಾರಣ ಆಗಿರಬೇಕಿಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದೂ ಒಹಾಯೊದಲ್ಲೇ. ನೀರಿಗೆ ಇದ್ದಿಲಿನ ಫಿಲ್ಟರ್ ಹಾಕಿದ ಮೇಲೆ 560 ಜನರನ್ನು ಕೆಲವು ವರ್ಷ ಬಿಟ್ಟು ಮತ್ತೆ ಪರೀಕ್ಷಿಸಿದರು. ಪಿಎಫ್‌ಒಎ ಅರ್ಧಕ್ಕೆ ಇಳಿದವರಲ್ಲಿ ಎಲ್‌ಡಿಎಲ್ ಸರಾಸರಿ 3.6 ಶೇಕಡಾ ಇಳಿದಿತ್ತು. ವಿಷ ಇಳಿದರೆ ಕೊಲೆಸ್ಟ್ರಾಲ್ ಇಳಿಯುತ್ತದೆ. ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವುದು ಇದೇ.

ಈಗ ನಿಮ್ಮ ಪರೀಕ್ಷೆಯ ಚೀಟಿಗೆ ಬರೋಣ. 3.6 ಶೇಕಡಾ ಅಂದರೆ 158ರಲ್ಲಿ ಆರು ಮಿಲಿಗ್ರಾಂ ಹತ್ತಿರ. ನಿಮ್ಮ ಎಣ್ಣೆಯ ಲೆಕ್ಕ? ತೆಂಗಿನೆಣ್ಣೆಯನ್ನು ಸೂರ್ಯಕಾಂತಿಯಂಥ ಎಣ್ಣೆಗಳ ಜೊತೆ ಹೋಲಿಸಿದ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ 2020ರಲ್ಲಿ ನೋಡಿದಾಗ, ತೆಂಗಿನೆಣ್ಣೆ ಎಲ್‌ಡಿಎಲ್ ಅನ್ನು ಸುಮಾರು 10 ಮಿಲಿಗ್ರಾಂ ಏರಿಸುತ್ತದೆ ಅಂತ ಕಂಡಿತು. ತೆಂಗಿನೆಣ್ಣೆ ಬಿಡಿ ಅಂದರೆ ನಮ್ಮೂರಲ್ಲಿ ಯಾರಿಗೂ ಹಿಡಿಸುವುದಿಲ್ಲ, ನನಗೂ ಹಿಡಿಸುವುದಿಲ್ಲ. ಒಗ್ಗರಣೆಗೆ ಒಂದು ಚಮಚ ಇರಲಿ. ಹಪ್ಪಳ ಕರಿಯಲು ಬಣಲೆ ತುಂಬ ಹಾಕುವುದನ್ನು, ದಿನಾ ಕಾಯಿಹಾಲಿನ ಸಾಂಬಾರು ಮಾಡುವುದನ್ನು ಕಡಿಮೆ ಮಾಡಿ ನೋಡಿ.

ಇವೆರಡನ್ನೂ ಬಿಟ್ಟು ಮೂರನೆಯದು ಇರಬಹುದು. ಥೈರಾಯ್ಡ್ ಮಂದವಾದರೆ ಎಲ್‌ಡಿಎಲ್ ಏರುತ್ತದೆ, ನಿಮ್ಮ ವಯಸ್ಸಿನ ಹೆಂಗಸರಲ್ಲಿ ಇದು ಸಾಮಾನ್ಯ. ಟಿಎಸ್‌ಎಚ್ ಪರೀಕ್ಷೆ ಮಾಡಿಸಿದ್ದೀರಾ? ಮುಟ್ಟು ನಿಲ್ಲುವ ಹೊತ್ತಿನಲ್ಲೂ ಏರುತ್ತದೆ. ಅಪ್ಪ ಅಮ್ಮ, ಅಣ್ಣ ತಮ್ಮಂದಿರಲ್ಲಿ ಯಾರಿಗಾದರೂ ಐವತ್ತರೊಳಗೆ ಹೃದಯಾಘಾತ ಆಗಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಅಂಥ ಕೆಲವು ಮನೆಗಳಲ್ಲಿ ಹುಟ್ಟಿನಿಂದಲೇ ಎಲ್‌ಡಿಎಲ್ ಜಾಸ್ತಿ ಇರುತ್ತದೆ, ಅದಕ್ಕೆ ಪಥ್ಯ ಸಾಲದು, ಮಾತ್ರೆಯೇ ಬೇಕು.

ಆರು ಮಿಲಿಗ್ರಾಂ, ಹತ್ತು ಮಿಲಿಗ್ರಾಂ ಅಂದರೆ ಒಬ್ಬರಿಗೆ ಸಣ್ಣದು. ಆದರೆ ಊರಿಗೆ ಊರೇ ಅಷ್ಟು ಮೇಲೆ ಸರಿದರೆ, ಗಡಿಯಲ್ಲಿದ್ದ ಎಷ್ಟೋ ಜನ ಆಚೆ ದಾಟುತ್ತಾರೆ. ಒಹಾಯೊದಲ್ಲಿ ಪಿಎಫ್‌ಒಎ ಹೆಚ್ಚಿದ್ದ ಕಾಲು ಭಾಗ ಜನರಲ್ಲಿ, ಕಡಿಮೆ ಇದ್ದ ಕಾಲು ಭಾಗಕ್ಕಿಂತ, ಒಟ್ಟು ಕೊಲೆಸ್ಟ್ರಾಲ್ 240 ದಾಟುವ ಸಾಧ್ಯತೆ ಸುಮಾರು 40 ಶೇಕಡಾ ಜಾಸ್ತಿ ಇತ್ತು. ಹಾಗಾಗಿ ಇದನ್ನು ತಳ್ಳಿಹಾಕುವ ಹಾಗಿಲ್ಲ. 2012ರಲ್ಲಿ ಅಲ್ಲಿನ ವಿಜ್ಞಾನಿಗಳ ಸಮಿತಿ ಪಿಎಫ್‌ಒಎಗೆ ಸಂಬಂಧ ಇರಬಹುದು ಎಂದ ಆರು ತೊಂದರೆಗಳಲ್ಲಿ ಹೆಚ್ಚಿನ ಕೊಲೆಸ್ಟ್ರಾಲ್ ಕೂಡ ಒಂದು. ಹೃದ್ರೋಗವನ್ನು ಮಾತ್ರ ಸಮಿತಿ ಆ ಪಟ್ಟಿಗೆ ಸೇರಿಸಲಿಲ್ಲ.

ಸುರಂಗದ ನೀರು? ಪಿಎಫ್‌ಎಎಸ್ ದೊಡ್ಡ ಮಟ್ಟದಲ್ಲಿ ಸಿಗುವುದು ಅದನ್ನು ಮಾಡುವ ಅಥವಾ ಬಳಸುವ ಕಾರ್ಖಾನೆ, ವಿಮಾನ ನಿಲ್ದಾಣ, ಬೆಂಕಿ ನೊರೆಯ ತರಬೇತಿ ಜಾಗ, ದೊಡ್ಡ ಕಸದ ಗುಡ್ಡೆಗಳ ಹತ್ತಿರ. ನಿಮ್ಮ ಸುರಂಗದ ಮೇಲಿನ ಗುಡ್ಡೆಯಲ್ಲಿ ಮುರಕಲ್ಲು, ಮುಳಿಹುಲ್ಲು, ಗೇರುಮರ ಬಿಟ್ಟು ಬೇರೇನೂ ಇಲ್ಲ ಅಂದರೆ, ಕೊಲೆಸ್ಟ್ರಾಲಿನ ಭಯಕ್ಕೆ ಆ ನೀರು ಬಿಡುವುದು ಬೇಡ. ಹಾಗೆ ಏನಾದರೂ ಇದ್ದರೆ ಕುದಿಸಿ ಪ್ರಯೋಜನ ಇಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಪಿಎಫ್‌ಎಎಸ್ ಹಾಗೇ ಉಳಿಯುತ್ತದೆ. ಆರ್‌ಒ ಅಥವಾ ಒಳ್ಳೆಯ ಇದ್ದಿಲಿನ ಫಿಲ್ಟರ್ ಬೇಕು. ನಾನ್‌ಸ್ಟಿಕ್ ಕಾವಲಿಯಿಂದ ಬರುವುದು ಬಹಳ ಕಡಿಮೆ. ಖಾಲಿ ಕಾವಲಿಯನ್ನು ಹೊಗೆ ಬರುವ ತನಕ ಕಾಯಿಸಬೇಡಿ, ಅಷ್ಟೇ. ನೀರುದೋಸೆಗೆ ಕಬ್ಬಿಣದ ಕಾವಲಿ ಇದ್ದರೆ ಅದೇ ಚೆನ್ನ.

ಮೈಯಿಂದ ಇದನ್ನು ತೆಗೆಯಲು ಆಗುತ್ತದಾ ಅಂತ ಕೇಳುವವರೂ ಇದ್ದಾರೆ. ಡೆನ್ಮಾರ್ಕಿನಲ್ಲಿ ಬೆಂಕಿ ತರಬೇತಿ ಜಾಗದ ಪಕ್ಕ ಮೇಯ್ದ ದನಗಳ ಮಾಂಸ ತಿಂದವರ ರಕ್ತದಲ್ಲಿ ಪಿಎಫ್‌ಒಎಸ್ ಅನ್ನುವ ಇನ್ನೊಂದು ಬಗೆಯ ಪಿಎಫ್‌ಎಎಸ್ ತುಂಬಿತ್ತು. ಅವರಿಗೆ ಕೊಲೆಸ್ಟಿರಮಿನ್ ಅನ್ನುವ ಹಳೆಯ ಕೊಲೆಸ್ಟ್ರಾಲ್ ಪುಡಿಯನ್ನು 12 ವಾರ ಕೊಟ್ಟರು. ಅದು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಒಯ್ಯುತ್ತದೆ, ಜೊತೆಗೆ ಪಿಎಫ್‌ಒಎಸ್ ಕೂಡ ಹೋಯಿತು, ಸುಮಾರು 60 ಶೇಕಡಾ ಇಳಿಯಿತು. ರಕ್ತದಲ್ಲಿ ಅಷ್ಟೊಂದು ತುಂಬಿದವರಿಗೆ ಡಾಕ್ಟರರೇ ಕೊಡಬೇಕಾದ ಮದ್ದು ಅದು. ನಿಮಗೆ ಬೇಕಾಗಿಲ್ಲ, ಸುಮ್ನೆ ಅಂಗಡಿಯಿಂದ ತಂದು ಕುಡಿಯಬೇಡಿ.

ನೀವು ಈಗ ಮಾಡಬೇಕಾದದ್ದು: ಟಿಎಸ್‌ಎಚ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ, ಬಿಪಿ ನೋಡಿಸಿ. ಮೂರು ತಿಂಗಳು ಎಣ್ಣೆ, ಕಾಯಿ ಕಡಿಮೆ ಮಾಡಿ. ಅನ್ನದ ಜೊತೆ ಹೆಸರುಕಾಳು, ಹುರುಳಿ, ಸೊಪ್ಪು ಜಾಸ್ತಿ ಮಾಡಿ. ಆಮೇಲೆ ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ರಕ್ತ ಕೊಡಿ. ಎರಡೂ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಬೇಕು ಅಂದರೆ ತೆಗೆದುಕೊಳ್ಳಿ ಅಕ್ಕಾ, ಹೆದರಬೇಡಿ. ಕೊಲೆಸ್ಟ್ರಾಲ್ ಎಣ್ಣೆಯಿಂದ ಏರಿರಲಿ, ರಾಸಾಯನಿಕದಿಂದ ಏರಿರಲಿ, ಅದನ್ನು ಇಳಿಸುವ ಮಾತ್ರೆ ಒಂದೇ.