ಒಂದೇ ಜಾತಿಯ ಮರಗಳ ಕಾಡು ಮತ್ತು ಬದಲಾದ ಹವಾಮಾನ

1713ರಲ್ಲಿ ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಗಣಿ ಆಡಳಿತಾಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಮರ ಬೆಳೆಸುವ ಕುರಿತು ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದಾಗ, ಬೆಳ್ಳಿ ಗಣಿಗಳಿಗೂ ಅದಿರು ಕರಗಿಸುವ ಕುಲುಮೆಗಳಿಗೂ ಬೇಕಾದ ಮರ ಮುಗಿದುಹೋಗುತ್ತಿದೆ ಎಂಬುದೇ ಅವರ ಚಿಂತೆಯಾಗಿತ್ತು. ಮತ್ತೆ ಬೆಳೆಯುವಷ್ಟನ್ನು ಮಾತ್ರ ಕಡಿಯಬೇಕೆಂಬ ಅವರ ವಿಚಾರ ಜರ್ಮನಿಯಲ್ಲಿ ಶಾಸ್ತ್ರವಾಗಿ ಬೆಳೆದು, ಹತ್ತೊಂಬತ್ತನೆಯ ಶತಮಾನದಲ್ಲಿ ಇತರ ಖಂಡಗಳಿಗೂ ಹಬ್ಬಿತು. ಬೀಚ್, ಓಕ್ ಮರಗಳಿದ್ದ ನೆಲದಲ್ಲಿ, ಬೇಗ ಬೆಳೆದು ನೇರವಾದ ದಿಮ್ಮಿ ಕೊಡುವ ಸ್ಪ್ರೂಸ್ ಮತ್ತು ಪೈನ್‌ಗಳ ಸಮವಯಸ್ಸಿನ ನೆಡುತೋಪುಗಳು ಎದ್ದವು. ನೆಟ್ಟ ಮರ ಕಡಿಯುವಷ್ಟು ಬಲಿಯಲು ಸುಮಾರು ನೂರು ವರ್ಷ ಬೇಕು. ಆ ನೂರು ವರ್ಷವೂ ಮಳೆ ಮತ್ತು ಚಳಿ ಹಿಂದಿನಂತೆಯೇ ಇರುತ್ತವೆ ಎಂಬ ನಂಬಿಕೆಯ ಮೇಲೆ ಇಡೀ ಲೆಕ್ಕಾಚಾರ ನಿಂತಿತ್ತು.

ಈ ನಂಬಿಕೆಯನ್ನು ಪರೀಕ್ಷಿಸಲು ಬೇಕಾದ ಮಾಹಿತಿ ಒದಗಿದ್ದು ಬೇರೆಯೇ ಉದ್ದೇಶದ ಅಧ್ಯಯನಗಳಿಂದ. ಆಕ್ಸ್‌ಫರ್ಡ್ ಸಮೀಪದ ವೈಟಮ್ ಕಾಡಿನಲ್ಲಿ 1947ರಿಂದ ಇಂದಿನವರೆಗೂ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳ ಗೂಡುಗಳನ್ನು ದಾಖಲಿಸುತ್ತಾ ಬಂದಿದ್ದಾರೆ. ವಸಂತ ಬೆಚ್ಚಗಾದಂತೆ ಓಕ್ ಬೇಗ ಚಿಗುರುವುದು, ಆ ಚಿಗುರನ್ನು ತಿನ್ನುವ ಕಂಬಳಿಹುಳುಗಳು ಬೇಗ ಹುಟ್ಟುವುದು, ಅವುಗಳಿಗೆ ಹೊಂದಿಕೊಂಡು ಹಕ್ಕಿಗಳೂ ಬೇಗ ಮೊಟ್ಟೆಯಿಡುವುದು ಸ್ಪಷ್ಟವಾಗಿ ಕಂಡದ್ದು ಆ ದಾಖಲೆಯಲ್ಲೇ. ತಕ್ಷಣದ ಲಾಭ ಕಾಣದ ಇಂಥ ದೀರ್ಘಕಾಲದ ದಾಖಲೆಗಳಿಗೆ ಹಣ ನಿಲ್ಲಿಸುವವರು ಏನನ್ನು ಕಳೆದುಕೊಳ್ಳುತ್ತಿದ್ದಾರೆಂಬುದನ್ನು ಇಲ್ಲಿ ನೋಡಬೇಕು.

ಹಳೆಯ ವಿಚಾರವನ್ನು ಅಲುಗಿಸಿದ ಇನ್ನೊಂದು ತಿರುವು ಜರ್ಮನಿಯ ಬವೇರಿಯನ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದ್ದು. 1983ರ ಬಿರುಗಾಳಿಗೆ ಅಲ್ಲಿ ಅಪಾರ ಸಂಖ್ಯೆಯ ಸ್ಪ್ರೂಸ್ ಮರಗಳು ಉರುಳಿದಾಗ, ಅವನ್ನು ಸಾಗಿಸದೆ ಬಿದ್ದಲ್ಲೇ ಬಿಡಲು ಉದ್ಯಾನದವರು ನಿರ್ಧರಿಸಿದರು. ಮುಂದೆ 1990ರ ದಶಕದಲ್ಲಿ ತೊಗಟೆ ಕೊರೆಯುವ ಜೀರುಂಡೆಗಳು ಸಾವಿರಾರು ಹೆಕ್ಟೇರ್ ಬಲಿತ ಸ್ಪ್ರೂಸ್ ಕಾಡನ್ನು ಒಣಗಿಸಿದವು. ಕಾಡೇ ನಾಶವಾಯಿತೆಂದು ಸುತ್ತಲಿನವರು ತೀವ್ರವಾಗಿ ಪ್ರತಿಭಟಿಸಿದರು. ಆದರೆ ಒಣಮರಗಳ ನಡುವೆ ಸಸಿಗಳು ತಾವಾಗಿಯೇ ಎದ್ದವು, ಕೊಳೆಯುವ ಮರವನ್ನೇ ನೆಚ್ಚಿ ಬದುಕುವ ಅಪರೂಪದ ಜೀರುಂಡೆಗಳೂ ಶಿಲೀಂಧ್ರಗಳೂ ಹೆಚ್ಚಿದವು. ಸತ್ತ ಮರವನ್ನು ಕಸವೆಂದು ತೆಗೆಯುತ್ತಿದ್ದ ಅರಣ್ಯಪಾಲನೆಗೆ ಇದು ದೊಡ್ಡ ಪಾಠವಾಗಿತ್ತು.

2018ರಿಂದ ಮೂರು ವರ್ಷ ಮಧ್ಯ ಯುರೋಪನ್ನು ಕಾಡಿದ ಬರ ಹಳೆಯ ಲೆಕ್ಕವನ್ನು ಬುಡಮೇಲು ಮಾಡಿತು. ಸ್ಪ್ರೂಸ್‌ನ ಬೇರುಗಳು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ; ನೀರಿಲ್ಲದ ಮರ ತೊಗಟೆ ಕೊರೆಯುವ ಜೀರುಂಡೆಯನ್ನು ತಡೆಯುವಷ್ಟು ರಾಳವನ್ನು ಸುರಿಸಲಾರದು; ಬಿಸಿ ಬೇಸಿಗೆಯಲ್ಲಿ ಜೀರುಂಡೆ ಒಂದೇ ವರ್ಷದಲ್ಲಿ ಹೆಚ್ಚುವರಿ ಪೀಳಿಗೆಯನ್ನೂ ಬೆಳೆಸುತ್ತದೆ. ಉಪಗ್ರಹ ಚಿತ್ರಗಳ ಪ್ರಕಾರ 2021ರ ಏಪ್ರಿಲ್ ವೇಳೆಗೆ ಜರ್ಮನಿಯೊಂದರಲ್ಲೇ ಸುಮಾರು 5 ಲಕ್ಷ ಹೆಕ್ಟೇರ್ ಪ್ರದೇಶದ ಮರಗಳು ನಷ್ಟವಾಗಿದ್ದವು.

ಹಾಗಾದರೆ ಮಿಶ್ರ ಕಾಡು ನೆಟ್ಟರೆ ಸಾಕೇ? ಚೀನಾದ ಜಿಯಾಂಗ್ಶಿ ಪ್ರಾಂತ್ಯದ ಪ್ರಯೋಗವೊಂದರಲ್ಲಿ 16 ಜಾತಿಗಳನ್ನು ಬೆರೆಸಿ ನೆಟ್ಟ ತಾಕುಗಳು ಎಂಟು ವರ್ಷಗಳಲ್ಲಿ, ಒಂದೇ ಜಾತಿಯ ತಾಕುಗಳ ಸರಾಸರಿಗಿಂತ ಎರಡು ಪಟ್ಟಿಗೂ ಹೆಚ್ಚು ಇಂಗಾಲವನ್ನು ಸಂಗ್ರಹಿಸಿದವು. ಆದರೂ ನಿರ್ವಹಣೆಯ ಪ್ರಶ್ನೆಗಳು ಅಷ್ಟಕ್ಕೇ ಬಗೆಹರಿಯುವುದಿಲ್ಲ. ನೀರಿನ ಪೈಪೋಟಿ ತಗ್ಗಲೆಂದು ಮರಗಳನ್ನು ವಿರಳಗೊಳಿಸಿದರೆ ನೆತ್ತಿಯ ಹಂದರ ತೆರೆದುಕೊಂಡು ಬಿಸಿಲು ನೆಲಕ್ಕೆ ಇಳಿಯುತ್ತದೆ. ದಟ್ಟ ಹಂದರದ ಅಡಿಯ ಮಧ್ಯಾಹ್ನದ ತಾಪ ಬಯಲಿಗಿಂತ ಸರಾಸರಿ ನಾಲ್ಕು ಡಿಗ್ರಿಯಷ್ಟು ಕಡಿಮೆಯಿದ್ದು, ನೆಲಮಟ್ಟದ ಗಿಡಗಳು ಉಳಿದಿರುವುದು ಆ ತಂಪನ್ನು ನಂಬಿಯೇ. ಬೆಚ್ಚಗಿನ ಪ್ರದೇಶಗಳ ಬೀಜ ತಂದು ನೆಡಬೇಕೆಂಬ ಸಲಹೆಯೂ ಇದೆ. ಅದರಲ್ಲಿ ಹುರುಳಿದೆಯಾದರೂ ಸಸಿಗಳ ಸಾಗಾಟದ ಜೊತೆಗೆ ರೋಗ ಬರುವ ಭಯ ಕಾಲ್ಪನಿಕವಲ್ಲ. ಪೂರ್ವ ಏಷ್ಯಾ ಮೂಲದ ಶಿಲೀಂಧ್ರವೊಂದರಿಂದ ಯುರೋಪಿನ ಆ್ಯಶ್ ಜಾತಿಯ ಮರಗಳು ಸಾಯುತ್ತಿರುವುದು ಪೋಲೆಂಡ್‌ನಲ್ಲಿ 1990ರ ದಶಕದ ಆರಂಭದಲ್ಲಿ ಕಂಡುಬಂದು, 2012ರಲ್ಲಿ ಬ್ರಿಟನ್ನಿನಲ್ಲೂ ಪತ್ತೆಯಾಯಿತು. ಆ ಮರಗಳಲ್ಲಿ ಕೆಲವಕ್ಕೆ ರೋಗವನ್ನು ತಾಳಿಕೊಳ್ಳುವ ಗುಣವಿದೆ, ಅದು ಬೀಜದ ಮೂಲಕ ಮುಂದಿನ ಪೀಳಿಗೆಗೂ ಸಾಗುತ್ತದೆ. ಆದ್ದರಿಂದಲೇ, ರಸ್ತೆ ಮತ್ತು ಕಾಲುದಾರಿಗಳ ಪಕ್ಕ ಅಪಾಯ ಒಡ್ಡುವಂಥವನ್ನು ಬಿಟ್ಟು ಉಳಿದ ಆ್ಯಶ್ ಮರಗಳನ್ನು ಅವಸರದಿಂದ ಕಡಿಯಬಾರದೆಂದು ಅಲ್ಲಿನ ಸಂಶೋಧಕರು ಕಾಡಿನ ಒಡೆಯರನ್ನು ಕೇಳಿಕೊಳ್ಳುತ್ತಿದ್ದಾರೆ.